ಎರಡನೆಯ ಲಂಗರು

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ಮನುಷ್ಯನೊಬ್ಬ ಹಾಯಿದೋಣಿಗೆ ಎಂಥ ಲಂಗರು ಇರಬೇಕೆಂದು ಅಭಿಪ್ರಾಯ ಹೇಳಹೊರಟರೆ ವಾಚಕರು ನಗಬಹುದು. ನಗಲಿ, ನನ್ನ ಆಕ್ಷೇಪವೇನೂ ಇಲ್ಲ. ಶರಾವತಿಯ ಅಳಿವೆಯ ದಡದಲ್ಲಿ ಹುಟ್ಟಿ ಬೆಳೆದವನಾದರೂ ನಾನು ದೋಣಿಯನ್ನು ಬಲ್ಲದ್ದು ಹೊಳೆ ದಾಟುವ ಪ್ರಯಾಣಿಕನಾಗಿ ಮಾತ್ರ. ಲಂಗರು ಎಂಬ ಮಾತು ಪಾರಸಿಯಿಂದ ನಮ್ಮಲ್ಲಿಗೆ ಬಂದದ್ದೆಂದು ತರಗತಿಯಲ್ಲಿ ಹೇಳಿದ್ದೇನೆಯೇ ಹೊರತು, ಆ ವಸ್ತುವನ್ನು ಕೈಯಲ್ಲಿ ಹಿಡಿದು ಎತ್ತಿದವನಲ್ಲ. ಎತ್ತುವ ಸಂದರ್ಭ ಒದಗಿದ್ದು ನನ್ನ ನಲವತ್ತಾರನೆಯ ವಯಸ್ಸಿನಲ್ಲಿ, ನಮ್ಮ ಕಡಲಿನಿಂದ ಬಹುದೂರದಲ್ಲಿ, ಒಂದು ಕತ್ತಲ ರಾತ್ರಿ. ಆ ರಾತ್ರಿ ನಾನು ಅದನ್ನು ಎತ್ತಲಾರದೆ ಹೋದೆ. ಈ ಲೇಖನ ಹುಟ್ಟಿದ್ದು ಆ ಸೋಲಿನಿಂದ.

ನನ್ನ ತಂಗಿಯ ಸಂಸಾರ ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿದೆ. ಅಲ್ಲಿ ಮಧ್ಯಮ ವರ್ಗದವರೂ ಹಳೆಯ ಹಾಯಿದೋಣಿಯೊಂದನ್ನು ಕೊಂಡು, ರಜೆ ಬಂದಾಗ ಹೆಂಡತಿ ಮಕ್ಕಳೊಡನೆ ದ್ವೀಪದಿಂದ ದ್ವೀಪಕ್ಕೆ ತಿರುಗುವುದುಂಟು. ಭಾವ ಕೊಂಡದ್ದು 38 ಅಡಿ ಉದ್ದದ ದೋಣಿ. ಅದರೊಳಗೆ ಅಡುಗೆಯ ಒಲೆಯಿದೆ, ನಾಲ್ವರಿಗೆ ಮಲಗಲು ಸ್ಥಳವಿದೆ, ಒಂದು ಸಣ್ಣ ಡೀಸೆಲ್ ಯಂತ್ರವಿದೆ. ಹಗಲೆಲ್ಲ ಹಾಯಿ ಬಿಚ್ಚಿ ಸಾಗುವುದು, ಸಂಜೆಗೆ ಯಾವುದಾದರೂ ಕೊಲ್ಲಿಯಲ್ಲಿ ಲಂಗರು ಇಳಿಸಿ ನಿದ್ದೆ ಮಾಡುವುದು: ಇದು ಅಂಥ ಪ್ರವಾಸದ ಕ್ರಮ. ಹಗಲು ದೋಣಿಯನ್ನು ಕಾಯುವವನು ಚುಕ್ಕಾಣಿ ಹಿಡಿದವನು. ರಾತ್ರಿ ಕಾಯುವುದು ನೀರಿನ ತಳದಲ್ಲಿರುವ, ಕಣ್ಣಿಗೆ ಕಾಣದ ಒಂದು ತುಂಡು ಕಬ್ಬಿಣ. ನಿದ್ದೆ ಹೋದ ಎಲ್ಲರ ಪ್ರಾಣವೂ ಅದರ ಹಲ್ಲಿನಲ್ಲಿರುತ್ತದೆ.

ಒಂದು ಜನವರಿಯಲ್ಲಿ, ಅಲ್ಲಿನ ಬೇಸಗೆಯಲ್ಲಿ, ನಾನು ಅವರ ಅತಿಥಿಯಾಗಿದ್ದೆ. ಈಶಾನ್ಯದ ಗಾಳಿ ಬೀಸುತ್ತಿತ್ತು. ಆದುದರಿಂದ ವೈಹೀಕೆ ದ್ವೀಪದ ದಕ್ಷಿಣ ಬದಿಯ ಒಂದು ಕೊಲ್ಲಿಯನ್ನು ಸೇರಿಕೊಂಡೆವು. ಬೆಟ್ಟ ಗಾಳಿಗೆ ಅಡ್ಡವಾಗಿತ್ತು, ನೀರು ತಟ್ಟೆಯಂತಿತ್ತು. ಬೆಳಗಿನ ಹೊತ್ತಿಗೆ ಗಾಳಿ ನೈಋತ್ಯಕ್ಕೆ ತಿರುಗುವುದೆಂದು ರೇಡಿಯೋ ಹೇಳಿದ್ದನ್ನು ಎಲ್ಲರೂ ಕೇಳಿದ್ದೆವು. ಬೆಳಿಗ್ಗೆ ಬೇಗ ಹೊರಟರಾಯಿತು ಎಂದುಕೊಂಡು ಮಲಗಿದೆವು. ಆದರೆ ಗಾಳಿ ಬೆಳಗಿನವರೆಗೆ ಕಾಯಲಿಲ್ಲ. ರಾತ್ರಿ ಎರಡು ಗಂಟೆಗೆ ದೋಣಿ ಒಮ್ಮೆಲೇ ಮೈಮುರಿದು ತಿರುಗಿತು. ಈವರೆಗೆ ನಮಗೆ ಆಶ್ರಯವಾಗಿದ್ದ ದಡ ಈಗ ನಮ್ಮ ಬೆನ್ನಿಗೆ ಬಂತು. ತೆರೆದ ಬಾಯಿಯ ಕಡೆಯಿಂದ ಗಾಳಿಯೂ ಅಲೆಯೂ ನುಗ್ಗಿದುವು. ಸ್ವಲ್ಪ ಹೊತ್ತಿನಲ್ಲಿ ದಡದ ದೀಪವೊಂದು ನಿಂತಲ್ಲಿ ನಿಲ್ಲದೆ ಪಕ್ಕಕ್ಕೆ ಸರಿಯುತ್ತಿರುವುದು ಕಂಡಿತು. ಸರಿಯುತ್ತಿದ್ದುದು ದೀಪವಲ್ಲ, ನಾವು. ಲಂಗರು ಜಾರುತ್ತಿತ್ತು.

ಭಾವ ಯಂತ್ರವನ್ನು ಚಾಲೂ ಮಾಡಿ ಚುಕ್ಕಾಣಿಗೆ ನಿಂತರು. “ಭಾವಾ, ಎರಡನೆಯ ಲಂಗರು ತೆಗೆಯಿರಿ!” ಎಂದು ಕೂಗಿದರು. ನಾನೂ ತಂಗಿಯೂ ದೋಣಿಯ ಹಿಂಭಾಗದ ಉಗ್ರಾಣದ ಮುಚ್ಚಳ ತೆಗೆದೆವು. ಹನ್ನೊಂದು ವರ್ಷದ ಸೊಸೆ ದೀಪ ಹಿಡಿದಳು. ಮೇಲೆ ಹಾಯಿಯ ಚೀಲ, ಅದರ ಕೆಳಗೆ ಬಕೆಟ್ಟು, ರಬ್ಬರಿನ ಚೆಂಡುಗಳು, ಹಳೆಯ ಹಗ್ಗ; ಎಲ್ಲದರ ತಳದಲ್ಲಿ ನಮ್ಮ ಆಪದ್ಬಾಂಧವ. ಅದು 16 ಕಿಲೋಗ್ರಾಮಿನ ಕಬ್ಬಿಣ. ಅದಕ್ಕೆ ತೊಡಿಸಬೇಕಾದ ಸರಪಳಿ 10 ಮೀಟರ್, ತೂಕ ಸುಮಾರು 14 ಕಿಲೋ. ಸರಪಳಿ ಬೇರೆ ಕಡೆ ಇತ್ತು, ಹಗ್ಗ ಗಂಟಾಗಿತ್ತು, ಕೊಂಡಿಯ ತಿರುಪು ತುಕ್ಕು ಹಿಡಿದು ಅಲುಗಲಿಲ್ಲ. ಕುಣಿಯುವ ದೋಣಿಯಲ್ಲಿ ಮೊಣಕಾಲೂರಿ ನಾವಿಬ್ಬರೂ ಎಳೆದೆವು. ಅರ್ಧಕ್ಕೆ ಬಂದದ್ದು ಮತ್ತೆ ಜಾರಿ ಕೆಳಗೆ ಬಿತ್ತು. ತಂಗಿಯ ಬೆರಳು ಜಜ್ಜಿತು. ಕೊನೆಗೆ ಆ ಲಂಗರು ನೀರನ್ನು ಕಾಣಲೇ ಇಲ್ಲ. ಯಂತ್ರವನ್ನು ಗಾಳಿಗೆ ಎದುರಾಗಿ ಮೆಲ್ಲನೆ ಓಡಿಸುತ್ತ, ಮೊದಲನೆಯ ಲಂಗರಿನ ಭಾರವನ್ನು ತಗ್ಗಿಸುತ್ತ, ಭಾವ ಬೆಳಗಾಗುವವರೆಗೆ ದೋಣಿಯನ್ನು ಬಂಡೆಗಳಿಂದ ದೂರ ಹಿಡಿದು ನಿಂತರು. ಯಂತ್ರ ನಿಲ್ಲದಿದ್ದುದು ನಮ್ಮ ಭಾಗ್ಯ. ಅದರಲ್ಲಿ ನಮ್ಮ ಜಾಣತನವೇನೂ ಇರಲಿಲ್ಲ. ಬೆಳಿಗ್ಗೆ ಎತ್ತಿ ನೋಡಿದರೆ ಮೊದಲನೆಯ ಲಂಗರಿನ ಮೊನೆಗೆ ಯಾರೋ ಬಿಸುಟ ಹಳೆಯ ಹಗ್ಗ, ಚಿಪ್ಪು, ಕೆಸರು ಎಲ್ಲ ಸೇರಿ ಒಂದು ದೊಡ್ಡ ಮುದ್ದೆಯಾಗಿ ಅಂಟಿಕೊಂಡಿತ್ತು. ಅದರ ತಪ್ಪೇನೂ ಇರಲಿಲ್ಲ. ಬಾಯಿಗೆ ಬಟ್ಟೆ ತುರುಕಿದರೆ ಹುಲಿಯಾದರೂ ಹೇಗೆ ಕಚ್ಚೀತು?

ಆ ದೋಣಿಯಲ್ಲಿ ಎರಡು ಲಂಗರುಗಳಿದ್ದುವು ಎಂದು ಪಟ್ಟಿಯಲ್ಲಿ ಬರೆದಿತ್ತು. ಆದರೆ ನಿಜವಾಗಿ ಇದ್ದುದು ಒಂದೇ. ಎರಡನೆಯದು ಮೊದಲನೆಯದರ ರೂಪದ್ದೇ, ಅದಕ್ಕಿಂತ ಸ್ವಲ್ಪ ಚಿಕ್ಕದು. ಅಂದರೆ ಮೊದಲನೆಯದು ಕಚ್ಚದ ನೆಲದಲ್ಲಿ ಎರಡನೆಯದೂ ಕಚ್ಚುವ ಭರವಸೆಯಿಲ್ಲ. ಕಚ್ಚುವುದಾದರೂ ಸಮಯಕ್ಕೆ ಕೈಗೆ ಸಿಕ್ಕುವುದಿಲ್ಲ. ಒಂದೇ ಪುಸ್ತಕದ ಎರಡು ಪ್ರತಿಗಳನ್ನು ಕಪಾಟಿನಲ್ಲಿಟ್ಟ ವಿದ್ಯಾರ್ಥಿ ಎರಡು ಪುಸ್ತಕ ಓದಿದವನಾಗುವುದಿಲ್ಲ; ಅದರಲ್ಲಿ ಒಂದು ಪ್ರತಿ ಅಟ್ಟದ ಮೇಲಿದ್ದರಂತೂ ಹೇಳುವುದೇ ಬೇಡ.

ಇಲ್ಲಿ ಅನುಭವಿಗಳಾದ ನಾವಿಕರ ಒಂದು ವಾದವನ್ನು ನಾನು ಮರೆಮಾಚಬಾರದು. ಎರಡು ಲಂಗರಿನ ಗೊಡವೆಯೇ ಬೇಡ, ಆ ಹಣವನ್ನೂ ತೂಕವನ್ನೂ ಸೇರಿಸಿ ಮೊದಲನೆಯದನ್ನೇ ಒಂದು ಅಳತೆ ದೊಡ್ಡದಾಗಿ ಕೊಳ್ಳಿರಿ ಎನ್ನುತ್ತಾರೆ ಅವರು. ಎರಡು ಲಂಗರು ಬಿಟ್ಟ ದೋಣಿ ಗಾಳಿಯೊಡನೆ ಸುತ್ತುವಾಗ ಹಗ್ಗ ಸರಪಳಿಗಳು ಹೆಣೆದುಕೊಳ್ಳುತ್ತವೆ; ಬಿಡಿಸುವುದು ಪ್ರಾಣಸಂಕಟ. ಈ ಮಾತು ಸತ್ಯ. ಪ್ರತಿ ರಾತ್ರಿಯೂ ಎರಡು ಲಂಗರು ಇಳಿಸಬೇಕೆಂದು ನಾನೂ ಹೇಳುವುದಿಲ್ಲ. ಮೊದಲನೆಯದು ಆದಷ್ಟು ದೊಡ್ಡದಿರಲಿ. ಆದರೆ ಎರಡನೆಯದು ಇರುವುದು ಮೊದಲನೆಯದಕ್ಕೆ ಬಲ ಕೂಡಿಸುವುದಕ್ಕಲ್ಲ. ಮೊದಲನೆಯದು ಬಂಡೆಯ ಸಂದಿಗೆ ಸಿಕ್ಕಿ ಸರಪಳಿ ಕಡಿದು ಬಿಟ್ಟುಬರಬೇಕಾದ ದಿನಕ್ಕೆ, ದೋಣಿ ಮರಳದಿಬ್ಬವನ್ನು ಏರಿ ಕುಳಿತ ದಿನಕ್ಕೆ, ಇಕ್ಕಟ್ಟಾದ ಹೊಳೆಯಲ್ಲಿ ಹಿಂಭಾಗವನ್ನು ಹಿಡಿದು ನಿಲ್ಲಿಸಬೇಕಾದ ದಿನಕ್ಕೆ ಅದು ಇರುವುದು. ಮೊದಲನೆಯದು ಎಷ್ಟೇ ದೊಡ್ಡದಾದರೂ ಆ ದಿನಗಳಲ್ಲಿ ಕೆಲಸಕ್ಕೆ ಬಾರದು. ದೊಡ್ಡದಾದಷ್ಟೂ ಅದನ್ನು ಸಣ್ಣ ದೋಣಿಯಲ್ಲಿ ಹೊತ್ತು ದೂರ ಒಯ್ಯುವುದು ಕಷ್ಟ.

ಚರಿತ್ರೆಯೂ ಇದನ್ನೇ ಹೇಳುತ್ತದೆ. 1770ರ ಜೂನ್ 11ರ ರಾತ್ರಿ ಕ್ಯಾಪ್ಟನ್ ಜೇಮ್ಸ್ ಕುಕ್‌ನ ‘ಎಂಡೆವರ್’ ಹಡಗು ಆಸ್ಟ್ರೇಲಿಯದ ಪೂರ್ವ ತೀರದ ಹವಳದ ದಿಬ್ಬಕ್ಕೆ ಬಡಿದು ಸಿಕ್ಕಿಕೊಂಡಿತು. ಫಿರಂಗಿಗಳನ್ನೂ ಇತರ ಭಾರವನ್ನೂ ಕಡಲಿಗೆ ಚೆಲ್ಲಿದರು. ಹಡಗು ಹಗುರಾದರೆ ಸಾಲದು. ಅದನ್ನು ಹಿಡಿದೆಳೆಯುವುದಕ್ಕೆ ಏನಾದರೂ ಬೇಕಲ್ಲವೆ? ಲಂಗರುಗಳನ್ನು ದೋಣಿಗಳಲ್ಲಿ ಹೊತ್ತು ಆಳವಾದ ನೀರಿಗೆ ಒಯ್ದು ಇಳಿಸಿ, ಅವುಗಳ ಹಗ್ಗವನ್ನು ಹಡಗಿನ ರಾಟೆಗಳಿಗೆ ಸುತ್ತಿ ಎಳೆದರು. ಸುಮಾರು ಒಂದು ಹಗಲು ಒಂದು ರಾತ್ರಿಯ ಹೋರಾಟದ ಮೇಲೆ ಮರುದಿನದ ರಾತ್ರಿಯ ಉಬ್ಬರದಲ್ಲಿ ಹಡಗು ಕಳಚಿಕೊಂಡಿತು. ಅಂದು ಚೆಲ್ಲಿದ ಆರು ಫಿರಂಗಿಗಳು 1969ರಲ್ಲಿ ಸಮುದ್ರದ ತಳದಲ್ಲಿ ಸಿಕ್ಕಿದುವು. 1812ರ ಜುಲೈಯಲ್ಲಿ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಎಂಬ ಯುದ್ಧನೌಕೆಯನ್ನು ನ್ಯೂಜೆರ್ಸಿಯ ಕರಾವಳಿಯಲ್ಲಿ ಬ್ರಿಟಿಷ್ ನೌಕೆಗಳ ತಂಡವೊಂದು ಅಟ್ಟಿಸಿಕೊಂಡು ಬಂತು. ಗಾಳಿ ಸತ್ತಿತ್ತು. ಅಮೆರಿಕದವರು ಹಗುರವಾದ ಲಂಗರನ್ನು ದೋಣಿಯಲ್ಲಿ ಮುಂದೆ ಒಯ್ದು ಇಳಿಸುವುದು, ಹಡಗನ್ನು ಅದರತ್ತ ಎಳೆದುಕೊಳ್ಳುವುದು, ಅಷ್ಟರಲ್ಲಿ ಇನ್ನೊಂದನ್ನು ಮುಂದೆ ಒಯ್ಯುವುದು: ಹೀಗೆ ಸಮುದ್ರದ ಮೇಲೆ ಅಂಬೆಗಾಲಿಡುತ್ತ ಪಾರಾದರು. ಈ ಎರಡು ಪ್ರಸಂಗಗಳಲ್ಲಿಯೂ ಲಂಗರು ನಿಲ್ಲಿಸುವ ಸಾಧನವಲ್ಲ, ನಡೆಸುವ ಸಾಧನ. ಹೊತ್ತೊಯ್ಯಲು ಬರುವ ಲಂಗರು ಮಾತ್ರ ಆ ಕೆಲಸವನ್ನು ಮಾಡಬಲ್ಲದು.

ನಮ್ಮ ರಾತ್ರಿಗೆ ಹತ್ತಿರವಾದ ಕಥೆಯೂ ಒಂದಿದೆ. ಫ್ರಾನ್ಸಿನ ಬರ್ನಾರ್ ಮೊಯ್ತೆಸಿಯೆ ಏಕಾಂಗಿ ನಾವಿಕರಲ್ಲಿ ಹೆಸರಾದವನು. 1968ರಲ್ಲಿ ಆರಂಭವಾದ ವಿಶ್ವಪರ್ಯಟನದ ಪಂದ್ಯದಲ್ಲಿ ಗೆಲ್ಲುವ ಹಾದಿಯಲ್ಲಿದ್ದಾಗ ಪಂದ್ಯವನ್ನೇ ತೊರೆದು ತಾಹಿತಿಯ ಕಡೆಗೆ ದೋಣಿ ತಿರುಗಿಸಿದವನು. ಮಹಾಸಾಗರಗಳ ಬಿರುಗಾಳಿಯನ್ನು ಜಯಿಸಿದ ಅವನ ಉಕ್ಕಿನ ದೋಣಿ ‘ಜೋಶುವಾ’ 1982ರ ಡಿಸೆಂಬರ್ 8ರಂದು ಮೆಕ್ಸಿಕೋದ ಕಾಬೊ ಸಾನ್ ಲೂಕಾಸ್‌ನಲ್ಲಿ, ಲಂಗರು ಹಾಕಿ ನಿಂತಿದ್ದಾಗ ದಡಕ್ಕೆ ಬಿತ್ತು. ಸಮುದ್ರದ ಕಡೆಯಿಂದ ದಡದತ್ತ ಬಿರುಗಾಳಿ ಎದ್ದಿತು. ಒತ್ತೊತ್ತಾಗಿ ನಿಂತಿದ್ದ ದೋಣಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮರಳಿನ ಮೇಲೆ ಬಂದು ಬಿದ್ದುವು. ನಡುಗಡಲಿನಲ್ಲಿ ಮುಳುಗದ್ದು ದಡದ ಹತ್ತಿರ ಕೆಟ್ಟಿತು. ದೋಣಿಗೆ ಅಪಾಯವಿರುವುದು ದೂರದ ಸಾಗರದಲ್ಲಿ ಎಂದು ನಾವು ದಡದ ಜನ ಭಾವಿಸುತ್ತೇವೆ; ನಾವಿಕರು ಹೆದರುವುದು ಗಾಳಿಯ ಹಾದಿಯಲ್ಲಿರುವ ದಡಕ್ಕೆ.

ಹಾಗಾದರೆ ಎರಡನೆಯದು ಎಂಥದಿರಬೇಕು? ಪುರಾತನರ ಲಂಗರು ತೂತು ಕೊರೆದ ಕಲ್ಲು. ದ್ವಾರಕೆಯ ಬಳಿ ಕಡಲಿನ ತಳದಲ್ಲಿ ಅಂಥವು ಅನೇಕ ಸಿಕ್ಕಿವೆ. ಕಲ್ಲು ಮುಖ್ಯವಾಗಿ ಹಿಡಿಯುವುದು ತನ್ನ ಭಾರದಿಂದ. ಕಬ್ಬಿಣದ ಲಂಗರು ಹಿಡಿಯುವುದು ಅಲಗಿನಿಂದ. ಅದು ನೆಲವನ್ನು ಸೀಳಿ ಹುಗಿದುಕೊಳ್ಳಬೇಕು. ಆದುದರಿಂದ ತೂಕಕ್ಕಿಂತ ಆಕಾರ ದೊಡ್ಡದು, ಆಕಾರಕ್ಕೆ ತಕ್ಕ ನೆಲ ಇನ್ನೂ ದೊಡ್ಡದು. ಬಂಡೆಗೂ ಕಡಲಕಳೆಗೂ ಹಳೆಯ ಬೆಸ್ತರ ಲಂಗರೇ ಲೇಸು: ಎರಡು ಚೂಪು ತೋಳು, ಒಂದು ಅಡ್ಡದಂಡ. ಆದರೆ ಅದು ಭಾರ. ಮೇಲಕ್ಕೆ ನಿಂತ ತೋಳಿಗೆ ಸರಪಳಿ ಸುತ್ತಿಕೊಂಡೀತೆಂಬ ಭಯ ಬೇರೆ. ನೇಗಿಲಿನ ಆಕಾರದ್ದನ್ನು 1933ರಲ್ಲಿ ಬಳಕೆಗೆ ತಂದವನು ಕೇಂಬ್ರಿಜ್ಜಿನ ಪ್ರಸಿದ್ಧ ಭೌತವಿಜ್ಞಾನಿ ಜೆಫ್ರಿ ಇಂಗ್ರಾಂ ಟೇಲರ್. ಅವನೂ ಹಾಯಿದೋಣಿಯ ವ್ಯಸನಿ. ಅಗಲವಾದ ಎರಡು ಚಪ್ಪಟೆ ಅಲಗುಗಳು ದಂಡದ ಎರಡೂ ಪಕ್ಕಕ್ಕೆ ತಿರುಗುವಂಥದನ್ನು ರೂಪಿಸಿದವನು ಅಮೆರಿಕದ ರಿಚರ್ಡ್ ಡ್ಯಾನ್‌ಫೋರ್ತ್. ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ದಡಕ್ಕೆ ಇಳಿಸುವ ನೌಕೆಗಳು ಅದನ್ನು ಬಳಸಿದುವು. ದಡಕ್ಕೆ ಏರುವ ಮೊದಲು ನೌಕೆಯ ಹಿಂದೆ ಲಂಗರು ಇಳಿಸುವುದು, ಇಳಿಸಬೇಕಾದವರನ್ನು ಇಳಿಸಿದ ಮೇಲೆ ಅದೇ ಹಗ್ಗವನ್ನು ಎಳೆದು ಹಿಂದಕ್ಕೆ ಸರಿಯುವುದು, ಇದು ಕ್ರಮ. ಈಗ ಆ ಚಪ್ಪಟೆ ಮಾದರಿ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ದೊರೆಯುತ್ತದೆ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಮೂರನೆಯ ಒಂದು ಭಾಗದಷ್ಟೇ ತೂಗುವುದರಿಂದ ಅಲಗು ಅಗಲವಾಗಿದ್ದರೂ ಹೊರೆ ಕಡಿಮೆ.

ಆಕ್ಲೆಂಡಿಗೆ ಮರಳಿದ ಮೇಲೆ ಮೂರು ದಿನ ಊಟದ ಮೇಜಿನ ಸುತ್ತ ಇದೇ ಚರ್ಚೆ. ಇದ್ದುದೇ ಇರಲಿ, ಕೊಂಡಿಗೆ ಎಣ್ಣೆ ಹಾಕಿ ಮೇಲಕ್ಕೆ ಇಟ್ಟುಕೊಂಡರಾಯಿತು ಎಂಬುದು ಭಾವನ ಮೊದಲ ವಾದ. ಮೊದಲನೆಯದು ಕಳೆದರೆ ಅದೇ ಜಾಗದಲ್ಲಿ ಅದೇ ರೂಪದ್ದನ್ನು ತೊಡಿಸಬಹುದಲ್ಲ ಎಂದರು. ಬಿರುಗಾಳಿಗೆಂದು 30 ಕಿಲೋಗ್ರಾಮಿನ ಬೆಸ್ತರ ಲಂಗರೊಂದನ್ನು ಕೊಳ್ಳೋಣ ಎಂಬುದು ಅವರ ಎರಡನೆಯ ವಾದ. ಪೆಟ್ಟು ತಿಂದ ಮನುಷ್ಯನಿಗೆ ಭಾರವೇ ಬಲವೆಂದು ತೋರುವುದು ಸ್ವಾಭಾವಿಕ. ನಾನೂ ಆ ಕಡೆಗೇ ವಾಲಿದ್ದೆ. ತಂಗಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಡಿಸುತ್ತಿದ್ದಳು. ಸೌಟು ಕೆಳಗಿಟ್ಟು ಹೇಳಿದಳು: “ಅಣ್ಣಾ, ನಿಮ್ಮ ಭಾವ ಚುಕ್ಕಾಣಿ ಹಿಡಿದಿರುವಾಗ ಲಂಗರು ಇಳಿಸಬೇಕಾದವಳು ನಾನು. ನಾನು ಎತ್ತಲಾರದ ಲಂಗರು ಈ ದೋಣಿಯಲ್ಲಿ ಇದ್ದೂ ಇಲ್ಲದ ಹಾಗೆ.”

ಆ ಮಾತಿನ ಮೇಲೆ ನಮ್ಮ ವಾದಗಳಿಗೆ ನೆಲ ಸಿಕ್ಕಲಿಲ್ಲ. ಲಂಗರನ್ನು ಕುರಿತು ಬರೆಯುವವರು ಎಷ್ಟು ಉದ್ದದ ದೋಣಿಗೆ ಎಷ್ಟು ತೂಕವೆಂದು ಕೋಷ್ಟಕ ಕೊಡುತ್ತಾರೆ. ಆ ಕೋಷ್ಟಕದಲ್ಲಿ ದೋಣಿಯ ಅಳತೆಯಿದೆ, ಗಾಳಿಯ ಅಳತೆಯಿದೆ. ಎತ್ತುವವರ ತೋಳಿನ ಅಳತೆಯಿಲ್ಲ. ನನ್ನ ಅಭಿಪ್ರಾಯದಲ್ಲಿ ಎರಡನೆಯ ಲಂಗರಿನ ಆಯ್ಕೆ ಅಲ್ಲಿಂದಲೇ ಆರಂಭವಾಗಬೇಕು. ದೋಣಿಯಲ್ಲಿರುವ ಪ್ರಾಪ್ತವಯಸ್ಕರಲ್ಲಿ ಎಲ್ಲರಿಗಿಂತ ದುರ್ಬಲರಾದವರು ಕತ್ತಲಲ್ಲಿ, ಮಳೆಯಲ್ಲಿ, ಒಬ್ಬರೇ ಅದನ್ನು ತೆಗೆದು ಇಳಿಸಬಲ್ಲರೆ? ಇದು ಮೊದಲ ಪ್ರಶ್ನೆ. ಮೊದಲನೆಯದು ಸೋತ ನೆಲದಲ್ಲಿ ಅದು ಗೆಲ್ಲಬಲ್ಲ ಬೇರೊಂದು ಜಾತಿಯದೆ? ಇದು ಎರಡನೆಯದು. ಅದರ ಸರಪಳಿ, ಹಗ್ಗ ಎಲ್ಲ ಈಗಲೇ ಕಟ್ಟಿ ಸಿದ್ಧವಾಗಿವೆಯೆ? ಇದು ಮೂರನೆಯದು. ಮೂರಕ್ಕೂ ಹೌದು ಎನ್ನಲಾಗದಿದ್ದರೆ ದೋಣಿಯಲ್ಲಿರುವುದು ಲಂಗರಲ್ಲ, ನಿಲುಭಾರ.

ಕೊನೆಗೆ ಕೊಂಡದ್ದು ಅಲ್ಯೂಮಿನಿಯಮಿನ ಚಪ್ಪಟೆ ಲಂಗರು, 7 ಕಿಲೋಗ್ರಾಮಿಗಿಂತ ಸ್ವಲ್ಪ ಕಡಿಮೆ. ನಮ್ಮ ಅಳತೆಯ ದೋಣಿಗೆ ಸಾಮಾನ್ಯವಾಗಿ ಹೇಳುವುದಕ್ಕಿಂತ ಒಂದು ಅಳತೆ ದೊಡ್ಡದು. ಅದರ ಅಲಗಿನ ಕೋನವನ್ನು ಬದಲಿಸಬಹುದು: ಮರಳಿಗೆ 32 ಡಿಗ್ರಿ, ಮೆತ್ತನೆಯ ಕೆಸರಿಗೆ 45 ಡಿಗ್ರಿ. 2014ರಲ್ಲಿ ಅಮೆರಿಕದ ಚೆಸಪೀಕ್ ಕೊಲ್ಲಿಯ ಕೆಸರಿನಲ್ಲಿ ನಡೆದ ಪರೀಕ್ಷೆಯಲ್ಲಿ ಈ ಜಾತಿಯದು ತನ್ನ ಎರಡರಷ್ಟು ತೂಕದ ಉಕ್ಕಿನ ಲಂಗರುಗಳನ್ನು ಹಿಂದೆ ಹಾಕಿತು. ಪರೀಕ್ಷೆಯನ್ನು ಏರ್ಪಡಿಸಿದ್ದು ಅದನ್ನು ಮಾಡಿ ಮಾರುವವರೇ ಆದುದರಿಂದ ಫಲಿತಾಂಶವನ್ನು ಎಚ್ಚರದಿಂದ ಓದಬೇಕು. ಆದರೆ ಅಗಲವಾದ ಅಲಗು ಕೆಸರಿನಲ್ಲಿ ಚೆನ್ನಾಗಿ ಹಿಡಿಯುವುದೆಂಬುದು ನಾವಿಕರ ಹಳೆಯ ಅನುಭವವೂ ಹೌದು. ಇದು ಸರ್ವಗುಣಸಂಪನ್ನವೆಂದು ನಾನು ಹೇಳುವುದಿಲ್ಲ. ಕಡಲಕಳೆಯ ಮೇಲೆ ಇದು ಜಾರುತ್ತದೆ. ಹಗುರವಾದುದರಿಂದ ಸೆಳೆತದ ನೀರಿನಲ್ಲಿ ತಳಕ್ಕೆ ಇಳಿಯದೆ ತರಗೆಲೆಯಂತೆ ತೇಲಿಹೋಗಬಹುದು. ಗಾಳಿ ಹಿಂದುಮುಂದಾದರೆ ಕಳಚಿಕೊಂಡು, ಅಲಗಿನ ಸಂದಿಗೆ ಕಲ್ಲು ಸಿಕ್ಕಿ, ಮತ್ತೆ ಕಚ್ಚದಿರಬಹುದು. ಪ್ರತಿ ರಾತ್ರಿಯ ನಿದ್ದೆಯನ್ನು ಇದಕ್ಕೆ ಒಪ್ಪಿಸಲಾಗದು. ಆದರೆ ಇದರ ದೋಷಗಳು ಮೊದಲನೆಯದರ ದೋಷಗಳಲ್ಲ. ಇಬ್ಬರು ಸೋಲುವುದಾದರೂ ಒಂದೇ ಕಡೆ ಸೋಲಬಾರದು. ಎರಡನೆಯವರನ್ನು ಇಟ್ಟುಕೊಳ್ಳುವುದರ ಅರ್ಥವೇ ಅದು.

ಲಂಗರಿನಷ್ಟೇ ಮುಖ್ಯವಾದದ್ದು ಅದರ ಹಗ್ಗ. ಲಂಗರನ್ನು ನೆಲಕ್ಕೆ ಸಮವಾಗಿ ಎಳೆದರೆ ಅದು ಹುಗಿಯುತ್ತದೆ, ಮೇಲಕ್ಕೆ ಎಳೆದರೆ ಏಳುತ್ತದೆ. ಆದುದರಿಂದ ಹಗ್ಗ ಆಳದ ಏಳರಷ್ಟು ಉದ್ದವಿರಬೇಕೆಂದು ರೂಢಿಯ ನಿಯಮ. ಆದರೆ ಆಳವೆಂದರೇನು? ಇಳಿತದಲ್ಲಿ 5 ಮೀಟರ್ ನೀರು ಕಂಡು 35 ಮೀಟರ್ ಬಿಟ್ಟವನು ಲೆಕ್ಕ ತಪ್ಪಿದ. ಆಕ್ಲೆಂಡಿನ ಕಡೆ ದೊಡ್ಡ ಉಬ್ಬರ ಸುಮಾರು 3 ಮೀಟರ್ ಏರುತ್ತದೆ. ದೋಣಿಯ ಮೂತಿ ನೀರಿನ ಮೇಲೆ ಇನ್ನೂ 1 ಮೀಟರ್. ಒಟ್ಟು 9 ಮೀಟರ್ ಆಯಿತು. ಅವನ 35 ಮೀಟರ್ ಈಗ ನಾಲ್ಕರಷ್ಟೂ ಇಲ್ಲ, ಬೇಕಾದದ್ದು 63. ತಂಗಿಯ ಲಂಗರಿಗೆ 5 ಮೀಟರ್ ಸರಪಳಿ, ಅದರ ಹಿಂದೆ 65 ಮೀಟರ್ ನೈಲಾನ್ ಹಗ್ಗ. ನೈಲಾನ್ ಹಿಗ್ಗುತ್ತದೆ, ಅಲೆಯ ಪೆಟ್ಟನ್ನು ತಾನು ನುಂಗಿ ಲಂಗರನ್ನು ಕಾಪಾಡುತ್ತದೆ. ಹಗ್ಗವನ್ನು ಸುರುಳಿ ಸುತ್ತದೆ ಚೀಲದೊಳಗೆ ಸುಮ್ಮನೆ ತುಂಬಿದ್ದಾರೆ, ಎಳೆದರೆ ಗಂಟಾಗದೆ ಬರಲೆಂದು. ಒಳಗಿನ ತುದಿಯನ್ನು ದೋಣಿಗೆ ಕಟ್ಟಿದ್ದಾರೆ. ಅವಸರದಲ್ಲಿ ಲಂಗರನ್ನೂ ಹಗ್ಗವನ್ನೂ ಪೂರ್ತಿ ಸಮುದ್ರಕ್ಕೆ ಸಮರ್ಪಿಸಿದವರ ಕಥೆ ಎಲ್ಲ ಬಂದರುಗಳಲ್ಲಿಯೂ ಇದೆಯಂತೆ. ಲಂಗರಿನ ಮೇಲೆ ಈಗ ಬಕೆಟ್ಟಿಲ್ಲ, ಹಾಯಿಯ ಚೀಲವಿಲ್ಲ.

ನಾನು ಊರಿಗೆ ಹೊರಡುವ ಮುಂಚಿನ ಭಾನುವಾರ ಪರೀಕ್ಷೆ ನಡೆಯಿತು. ಗಾಳಿಯಿಲ್ಲದ ಬೆಳಿಗ್ಗೆ, ಸೊಸೆ ಸಣ್ಣ ದೋಣಿಯ ಹುಟ್ಟು ಹಾಕಿದಳು. ತಂಗಿ ಲಂಗರನ್ನು ಅದರೊಳಗಿಟ್ಟು ಹಗ್ಗವನ್ನು ನೀರಿಗೆ ಬಿಡುತ್ತ ಹೋದಳು. ದೂರದಲ್ಲಿ ಇಳಿಸಿದಳು. ಭಾವ ಹಗ್ಗವನ್ನು ರಾಟೆಗೆ ಸುತ್ತಿ ತಿರುಗಿಸಿದರು. ಹಗ್ಗ ಬಿಗಿಯಿತು, ನೀರು ಹಿಂಡಿತು, ನಮ್ಮ ಅಷ್ಟು ದೊಡ್ಡ ದೋಣಿ ಮೆಲ್ಲನೆ ಆ ಕಡೆಗೆ ಮುಖಮಾಡಿತು. “ಮಾವಾ, ಕಚ್ಚಿತು!” ಎಂದು ಹುಡುಗಿ ಕೂಗಿದಳು. ಎಲ್ಲ ಸೇರಿ ಆದ ಸಮಯ ಹನ್ನೆರಡು ನಿಮಿಷ. ಸಾಲದು ಎಂದಳು ತಂಗಿ, ಮತ್ತೆ ಮಾಡಿದರು.

ಮೊನ್ನೆ ಅವಳಿಂದ ಕಾಗದ ಬಂತು. ಈ ಬೇಸಗೆಯಲ್ಲಿ ಆರು ಬಾರಿ ಆ ಲಂಗರನ್ನು ಅಭ್ಯಾಸಕ್ಕಾಗಿ ಇಳಿಸಿದ್ದಾಳಂತೆ, ಅಗತ್ಯಕ್ಕಾಗಿ ಒಂದು ಬಾರಿಯೂ ಇಲ್ಲ. ಅಷ್ಟು ಹಣ ಕೊಟ್ಟದ್ದು ವ್ಯರ್ಥವಾಯಿತೆಂದು ಭಾವ ಹಾಸ್ಯ ಮಾಡುತ್ತಾರಂತೆ. ಹಾಗೆ ವ್ಯರ್ಥವಾಗುತ್ತಲೇ ಇರಲಿ ಎಂದು ನಾನು ಉತ್ತರ ಬರೆದಿದ್ದೇನೆ. ಅಭ್ಯಾಸವನ್ನು ಮಾತ್ರ ಬಿಡಬೇಡ ಎಂದೂ ಸೇರಿಸಿದ್ದೇನೆ.